ಹುಳಾ ನೋಡ್ಕೊಳ್ರಿ

ಗ್ರಾಮಸೇವಕ ಬಸಂತರಾಯರು ಅಂಗಳದಲ್ಲಿ ಸೈಕಲ್ಲಿನ ಗಂಟೆ ಬಾರಿಸಿದಾಗ ಗುರವ್ವನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಹಂಚಿನ ಮೇಲೊಂದು ರೊಟ್ಟಿ, ಕೈಯಡಿ ಇನ್ನೊಂದು, ತೊಟ್ಟಿಲಲ್ಲಿ ಐದು ತಿಂಗಳ ಕೂಸು. ಗೊಳಸಂಗಿಯಿಂದ ಎರಡು ಮೈಲು ಒಳಗಿದ್ದ ಆ ಹಳ್ಳಿಯಲ್ಲಿ ಸೊಸೆಯಾದವಳು ಸರಕಾರದ ಮನುಷ್ಯನ ಎದುರಿಗೆ ಬಂದು ನಿಲ್ಲುವ ರೂಢಿ ಇರಲಿಲ್ಲ. ಅವಳು ಮೊಣಕೈಯಿಂದಲೇ ಸೆರಗು ಮುಂದಕ್ಕೆ ಎಳೆದುಕೊಂಡು ಬಾಗಿಲ ಹಿಂದೆ ನಿಂತಳು.

“ಶ್ರೀಶೈಲಪ್ಪ ಅದಾನೇನವ್ವಾ?”

“ಇಲ್ರಿ, ಹೊಲಕ್ಕ ಹೋಗ್ಯಾರ.”

“ಸೂರ್ಯಪಾನ ಹೂ ಬಿಡಾಕ ಹತ್ತೈತಿ, ದಾರ್ಯಾಗ ನೋಡಿ ಬಂದೆ. ಇನ್ನ ಹುಳಾ ಬರ್ತಾವು. ಹುಳಾ ಚೊಲೋತ್ನಂಗ ನೋಡ್ಕೊಳ್ಳಾಕ ಹೇಳು ಅಂವಗ. ಈ ಕಾಗದ ಕೊಡು, ಎಲ್ಲಾ ಬರದೈತಿ.”

ಬಾಗಿಲ ಸಂದಿಯಲ್ಲಿ ಒಂದು ಕೈ ಕಾಗದ ಚಾಚಿತು. ಹಿಟ್ಟು ಮೆತ್ತಿದ ಇನ್ನೊಂದು ಕೈ ಅದನ್ನು ಇಸಿದುಕೊಂಡಿತು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು, ಕೂಸು ಎದ್ದು ಅಳತೊಡಗಿತು. ಗುರವ್ವ ಕಾಗದವನ್ನು ಗೋಡೆಯ ಮಾಡದಲ್ಲಿ ತುರುಕಿ ಒಲೆಗೆ ಓಡಿದಳು.

ಅದು ಎಪ್ಪತ್ತೇಳನೇ ಇಸವಿ. ಆ ಸೀಮೆಯ ಎರೆಭೂಮಿಗೆ ಜೋಳ, ಕಡಲೆ, ಕುಸುಬೆ ಬಿಟ್ಟರೆ ಬೇರೆಯ ಹಿಂಗಾರಿ ಪೈರು ಅಷ್ಟಾಗಿ ಗೊತ್ತಿರಲಿಲ್ಲ. ಝಳಕಿಯಲ್ಲಿ ತಂಗಿಯ ಗಂಡ ಪರಪ್ಪನ ಹೊಲದಲ್ಲಿ ಸೂರ್ಯಕಾಂತಿ ಕಂಡುಬಂದ ಶ್ರೀಶೈಲಪ್ಪ ತಾನೂ ಒಂದು ಎಕರೆಗೆ ಹಾಕಿದ್ದ. ಬಾವಿಯ ಹತ್ತಿರದ ಅರ್ಧ ಎಕರೆ ಮೊದಲು, ಹದಿನೈದು ದಿನ ಬಿಟ್ಟು ಹಿಂದಿನ ಅರ್ಧ. ಊರವರ ಬಾಯಲ್ಲಿ ಅದು ಸೂರ್ಯಪಾನ. ಮೊದಲ ಹೂಗಳು ಅರಳಿದ ದಿನ ಜನ ಬದುವಿನ ಮೇಲೆ ನಿಂತು ನೋಡಿದ್ದರು. “ಇದರಾಗ ಎಣ್ಣಿ ಬರತೈತೇನೋ?” ಎಂದು ಕೇಳಿದವರಿಗೆಲ್ಲ ಅವನು “ಗಾಣಕ್ಕ ಹಾಕಿದ ದಿನಾ ಡಬ್ಬಿ ತಗೊಂಡ ಬಾ” ಎನ್ನುತ್ತಿದ್ದ.

ಸಂಜೆ ಗಂಡನ ತಾಟಿಗೆ ರೊಟ್ಟಿ ಹಾಕುತ್ತ ಗುರವ್ವ ಸುದ್ದಿ ಮುಟ್ಟಿಸಿದಳು.

“ಗ್ರಾಮಸೇವಕರು ಬಂದಿದ್ರು. ಹೂ ಬಿಟ್ಟೈತಲ್ಲ, ಇನ್ನ ಹುಳಾ ಬರ್ತಾವಂತ. ನೋಡ್ಕೋರಿ ಅಂದಾರ.”

ಶ್ರೀಶೈಲಪ್ಪ ರೊಟ್ಟಿ ಮುರಿಯುತ್ತ, “ಬರ್ಲಿ. ನೋಡ್ಕೊತೇನಿ ಅವನ್ನ” ಎಂದ.

ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅವನ ತಾಯಿ ಶೆಟ್ಟೆವ್ವ ಕೂತಲ್ಲಿಂದಲೇ ಹೇಳಿದಳು: “ಬಂದ ಮ್ಯಾಲ ನೋಡೂದೇನೊ? ಹೋದ ವರ್ಷ ಹತ್ತಿ ಹಿಂಗ ನೋಡಕೋತ ಕುಂತಿ, ಹುಳಾ ತಿಂದು ಕಟಗಿ ಬಿಟ್ಟು ಹೋದವು. ಬರೂಕಿಂತ ಮದ್ಲ ಹೊಡಿ.”

ಕಾಗದದ ನೆನಪು ಗುರವ್ವನಿಗೆ ಆಗಲೇ ಇಲ್ಲ.

ಬೆಳೆಗೆ ಹೊಡೆಯುವ ವಿಷಕ್ಕೂ ಆ ಕಡೆ ಎಣ್ಣೆಯೆಂದೇ ಹೆಸರು. ಮರುದಿನ ಶ್ರೀಶೈಲಪ್ಪ ಯಾರದೋ ಪಂಪು ಕೇಳಿ ತಂದು ಬೆನ್ನಿಗೆ ಕಟ್ಟಿಕೊಂಡ. ಇಬ್ಬನಿ ಆರಿ ಹೂಗಳೆಲ್ಲ ಬಾಯಿ ತೆರೆದುಕೊಂಡ ಹೊತ್ತಿನಲ್ಲಿ, ಮೂರು ಮುಂಜಾನೆ, ಒಂದು ಹೂವನ್ನೂ ಬಿಡದೆ ಎಣ್ಣೆ ಹೊಡೆದ.

ಅವರ ಹೊಲದ ಬಾವಿಗೆ ಜೇನಬಾವಿ ಎಂಬ ಹೆಸರು. ಒಳಗೆ ಚಾಚಿದ ಕಲ್ಲುಪಡಿಯ ಅಡಿಗೆ ಹೆಜ್ಜೇನಿನ ಹುಟ್ಟು ತೂಗುತ್ತಿತ್ತು. ಗುರವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿದ ಮೊದಲ ಕೆಲಸವೆಂದರೆ, ಕೊಡವನ್ನು ಕಲ್ಲಿಗೆ ತಾಗದಂತೆ ಮೆಲ್ಲಗೆ ಇಳಿಬಿಡುವುದು. “ಅವು ನಮಗಿಂತ ಮದ್ಲ ಬಂದಾವು. ಅವುಕ್ಕ ಸಿಟ್ಟ ಬರಸಬ್ಯಾಡ” ಎಂದಿದ್ದಳು. ಎಣ್ಣೆ ಹೊಡೆದ ನಾಲ್ಕನೆಯ ದಿನ ನೀರು ಸೇದಿ ಸೋಸಿದಾಗ ಕೊಡದ ಬಾಯಿಗೆ ಕಟ್ಟಿದ ಅರಿವೆಯ ಮೇಲೆ ಹತ್ತು ಹನ್ನೆರಡು ಸತ್ತ ಜೇನು ಉಳಿದವು. ಗುರವ್ವ ಅರಿವೆ ಝಾಡಿಸಿ ಮತ್ತೆ ಕಟ್ಟಿದಳು. ಬದುವಿನ ಆಚೆ ಕೊತ್ತಂಬರಿ ಕೀಳುತ್ತಿದ್ದ ಪಕ್ಕದ ಹೊಲದ ಸುಗ್ರಾ ಕೂಗಿದಳು:

“ಯಕ್ಕಾ, ನಿಮ್ಮ ಮನ್ಯಾರು ಏನ ಹೊಡದ್ರು? ನಿನ್ನೆ ನನ್ನ ಸೆರಗಿನ್ಯಾಗ ಜೇನ ಪಟಪಟ ಉದುರಿದವು.”

“ಹುಳಕ್ಕ ಹೊಡದಾರವ್ವಾ.”

“ಮತ್ತ ಇವೇನ, ಆನಿ ಏನ?” ಎಂದು ಸುಗ್ರಾ ನಕ್ಕಳು. ಗುರವ್ವನೂ ನಕ್ಕಳು. ಮನೆಗೆ ಬಂದು ಕೂಸಿಗೆ ಹಾಲು ಕೊಡುವಾಗ ಆ ಮಾತು ಯಾಕೋ ಇನ್ನೊಮ್ಮೆ ನೆನಪಾಯಿತು. ಅಷ್ಟರಲ್ಲಿ ಎಮ್ಮೆ ಕೂಗಿತು, ಎದ್ದಳು.

ವಾರದೊಪ್ಪತ್ತಿಗೆ ಝಳಕಿಯಿಂದ ಪರಪ್ಪ ಬಂದ. ಬೀಗರಿಗೆಂದು ಗುರವ್ವ ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮಾಡಿಟ್ಟಿದ್ದಳು. ಆದರೆ ಊಟಕ್ಕೆ ಮೊದಲು ಹೊಲ ನೋಡಲು ಹೋದವನು ತಿರುಗಿ ಬರುವಾಗ ಒಂದು ಹೂವಿನ ತಲೆಯನ್ನೇ ಮುರಿದುಕೊಂಡು ಬಂದ. ತಾಟಿನ ಮುಂದೆ ಕೂತು, ಅಂಚಿನ ಕಾಳೊಂದನ್ನು ಉಗುರಿನಿಂದ ಒತ್ತಿದ. ಪುಸ್ಸೆಂದು ಒಡೆಯಿತು. ಒಳಗೆ ಏನೂ ಇರಲಿಲ್ಲ.

“ನೋಡ್ರಿ ಇಲ್ಲಿ. ಮಾರಿ ನೋಡಿದ್ರ ಮಾಮಲೇದಾರ, ಹೊಟ್ಟ್ಯಾಗ ಗಾಳಿ.”

ಶ್ರೀಶೈಲಪ್ಪ ನಾಲ್ಕು ಕಾಳು ತಾನೂ ಒತ್ತಿ ನೋಡಿದ. ನಾಲ್ಕೂ ಜೊಳ್ಳು.

“ನಿನ್ನ ಹೊಲದಾಗ ಜೇನ ಇಲ್ಲೋ ಮಾರಾಯಾ,” ಪರಪ್ಪ ಹೇಳಿದ. “ಒಂದ ಹೂವಿನ ಪುಡಿ ಇನ್ನೊಂದಕ್ಕ ಹತ್ತಬೇಕು, ಅಂದ್ರನ ಇದರ ಕಾಳ ತುಂಬೂದು. ಅಂಥ ಪೈರ ಇದು. ಜೇನ ಕುಂತ, ಎದ್ದ, ಮತ್ತೊಂದಕ್ಕ ಕುಂತ, ಆ ಕೆಲಸಾ ಮಾಡ್ತಾವು. ಎಣ್ಣಿ ಹೊಡದೆ ಏನ?”

“ಸರಕಾರದವರ ಹೇಳ್ಯಾರ ಹೊಡಿ ಅಂತ.”

ಒಲೆಯ ಮುಂದೆ ಗುರವ್ವನ ಕೈ ಒಂದು ಗಳಿಗೆ ನಿಂತಿತು. ಹೊಡಿ ಎಂದು ಅವರು ಅಂದಿರಲಿಲ್ಲ. ನೋಡ್ಕೊಳ್ಳಾಕ ಹೇಳು ಎಂದಿದ್ದರು. ಆದರೆ ಬೀಗರ ಮುಂದೆ ಗಂಡನ ಮಾತು ತಿದ್ದುವುದು ಹೇಗೆ? ಅವಳು ಬಿಸಿ ರೊಟ್ಟಿ ತಂದು ಬಡಿಸಿದಳು.

“ಇನ್ನೇನ ಮಾಡೂದು?” ಶೆಟ್ಟೆವ್ವ ಕೇಳಿದಳು.

“ಕೈಲೆ ಒರಸೂದು ಅತ್ತಿ. ನಮ್ಮ ಕಡೆ ಒಬ್ಬರು ಮಾಡ್ಯಾರ. ಮೆತ್ತನ್ನ ಅರಿವಿ ಕೈಗೆ ಸುತ್ತಕೊಂಡು, ಈ ಹೂವಿನ ಮಾರಿ ಒರಸಿ ಆ ಹೂವಿನ ಮಾರಿ ಒರಸೂದು. ಮುಂಜಾನೆ ಎಂಟರಿಂದ ಹನ್ನೊಂದರ ತನಕ. ಇವತ್ತ ಅರ್ಧಾ ಸಾಲಗೋಳು, ನಾಳೆ ಉಳದ ಅರ್ಧಾ.”

“ಹೂವಿನ ಮಾರಿ ಒರಸಾಕ ಆಳ ಹಚ್ಯಾನ ಅಂದ್ರ ಊರ ನಕ್ಕೀತು,” ಎಂದ ಶ್ರೀಶೈಲಪ್ಪ.

“ಆಳ್ಯಾಕ? ಕಾಶಿ ಅದಾಳಲ್ಲ,” ಎಂದಳು ಶೆಟ್ಟೆವ್ವ. “ಆಕಿ ಕೈ ಸಣ್ಣವು.”

ಗುರವ್ವನ ಹಿರಿಯ ಮಗಳು ಕಾಶಿಬಾಯಿಗೆ ಹದಿಮೂರು. ಏಳನೆಯ ಇಯತ್ತೆ, ಹೈಸ್ಕೂಲಿಗೆ ಹೋಗಲು ಪಾಸಾಗಬೇಕಾದ ಮುಲ್ಕಿ ಪರೀಕ್ಷೆಯ ವರ್ಷ. ಸಾಲಿಯಲ್ಲಿ ಕೋಣೆ ಎರಡೇ ಇದ್ದುದರಿಂದ ದೊಡ್ಡ ಹುಡುಗರಿಗೆ ಬೆಳಗಿನ ಪಾಳಿ, ಏಳೂವರೆಯಿಂದ ಹನ್ನೊಂದೂವರೆ. ಹೂವಿನ ಪಾಳಿಯೂ ಅದೇ.

“ನಮ್ಮ ಸಾಲಿ?” ಎಂದಳು ಕಾಶಿ, ನೀರಿನ ತಂಬಿಗೆ ಹಿಡಿದು ನಿಂತವಳು.

“ಸಾಲಿ ಎಲ್ಲಿ ಓಡಿ ಹೋಗತೈತಿ? ಹೂ ಹೋಗತೈತಿ,” ಎಂದ ಅಪ್ಪ. ಪರಪ್ಪ ಮೊಸರು ಸುರಿಯುತ್ತ, “ನಾಕ ದಿನಾ ಮಾಡವ್ವಾ, ನಿಮ್ಮಪ್ಪಂದು ಕೋಟೆ ಉಳೀತೈತಿ” ಎಂದು ನಗೆಯಾಡಿ ಆ ಮಾತನ್ನು ಅಲ್ಲಿಗೇ ಮುಗಿಸಿಬಿಟ್ಟ.

ಗುರವ್ವ ಟ್ರಂಕು ತೆಗೆದು ಹಳೆಯ ಕೂಸಿನ ಅರಿವೆಗಳನ್ನು ಹುಡುಕಿದಳು. ತೊಳೆದು ತೊಳೆದು ಹತ್ತಿಯಂತಾಗಿದ್ದ ಬಿಳಿ ಅರಿವೆಯೊಂದು ಸಿಕ್ಕಿತು. ಕಾಶಿಯನ್ನೇ ಅದರಲ್ಲಿ ಸುತ್ತಿ ತವರಿನಿಂದ ತಂದಿದ್ದಳು. ಅದನ್ನು ಎರಡಾಗಿ ಹರಿದು, ಒಂದನ್ನು ಮಗಳ ಅಂಗೈಗೆ ಸುತ್ತಿ ಗಂಟು ಹಾಕಿದಳು.

“ತಿಕ್ಕಬ್ಯಾಡ. ಕೂಸಿನ ಮಾರಿ ಒರಸ್ತೀಯಲ್ಲ, ಹಂಗ.”

“ಗೊತ್ತೈತಿ ಬಿಡವ್ವಾ,” ಎಂದಳು ಕಾಶಿ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಗುರವ್ವನಿಗೆ ಹಗುರಾಗುತ್ತಿತ್ತು.

ನಾಲ್ಕು ದಿನ ಎಂಟಾದವು, ಎಂಟು ಹನ್ನೆರಡಾದವು. ತಂದೆ ಒಂದು ಸಾಲು, ಮಗಳು ಒಂದು ಸಾಲು. ಹೂವು ಅವಳ ತಲೆಗಿಂತ ಎತ್ತರ. ಒಂದು ಕೈಯಿಂದ ದಂಟು ಬಾಗಿಸಿ ಇನ್ನೊಂದರಿಂದ ಒರೆಸಬೇಕು. ಮಧ್ಯಾಹ್ನ ಮನೆಗೆ ಬಂದಾಗ ಕೂದಲು, ಹುಬ್ಬು, ಕುತ್ತಿಗೆಯೆಲ್ಲ ಹಳದಿ ಪುಡಿ. ಸೀನಿ ಸೀನಿ ಕಣ್ಣು ಕೆಂಪಗೆ. ಉಂಡ ಕೈ ತೊಳೆದು ಪಾಟಿಚೀಲ ತೆಗೆದು ಕೂತರೆ ಎರಡು ಪುಟ ಮುಗಿಯುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ. ಶೆಟ್ಟೆವ್ವ ಮಾತ್ರ ಖುಷಿಯಲ್ಲಿದ್ದಳು.

“ನೋಡ, ಎಷ್ಟ ಚೊಲೊ ಕೈ ಹೊಂದೈತಿ ಹುಡುಗೀದು. ಮುಂದಿನ ವರ್ಷ ಎರಡ ಎಕರೆ ಹಾಕಬಹುದು.”

“ಮುಂದಿನ ವರ್ಷ ಆಕಿ ಬಾಗೇವಾಡಿ ಹೈಸ್ಕೂಲಿನ್ಯಾಗ ಇರ್ತಾಳ್ರಿ ಅತ್ತಿ.”

“ಇರ್ತಾಳ, ಇರ್ತಾಳ. ಓದಿ ವಕೀಲಕಿ ಮಾಡ್ತಾಳ.”

ಗುರವ್ವ ತಾನು ಮೂರನೆಯ ಇಯತ್ತೆ ಮುಗಿಸಿರಲಿಲ್ಲ. ತಾಯಿ ಬಾಣಂತಿಯಾದಳೆಂದು ಮನೆಗೆಲಸಕ್ಕೆ ಬಿಡಿಸಿದ್ದರು. ಒತ್ತಕ್ಷರ ಬರೆಯಲು ಕೈ ಇನ್ನೂ ಕೂತಿರಲಿಲ್ಲ. ಇವತ್ತಿಗೂ ಹೆಸರು ಬರೆ ಎಂದರೆ ‘ಗುರ’ ಎಂದಷ್ಟೇ ಬರೆದು ನಿಲ್ಲುತ್ತಿದ್ದಳು. ಆಮೇಲೆ ಎಷ್ಟೋ ರೊಟ್ಟಿ ಬಡಿದಳು, ಎಷ್ಟೋ ಹೊಲ ಕಸ ತೆಗೆದಳು. ಆ ‘ವ್ವ’ ಮಾತ್ರ ಬರಲೇ ಇಲ್ಲ. ಮಗಳು ನಿದ್ದೆಗಣ್ಣಲ್ಲಿ ಪುಸ್ತಕ ಜಾರಿಸುವುದನ್ನು ಕಂಡಾಗಲೆಲ್ಲ ಅವಳಿಗೆ ಆ ಅರ್ಧ ಹೆಸರು ನೆನಪಾಗುತ್ತಿತ್ತು.

ಹದಿಮೂರನೆಯ ದಿನ ಬೆಳಿಗ್ಗೆ. ಹೊಲಕ್ಕೆ ಒಯ್ಯುವ ಬುತ್ತಿ ಕಟ್ಟುತ್ತ ಗುರವ್ವ, “ಕಾಶೀ, ಉಪ್ಪಿನಕಾಯಿ ನಾಕ ಹೋಳ ತಗೊಂಡ ಬಾ” ಎಂದಳು. ನಿಂಬೆ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಒಂದು ಗಟ್ಟಿ ಕಾಗದ ಮುಚ್ಚಿ ದಾರ ಸುತ್ತಿತ್ತು. ಕಾಶಿಗೆ ಕಾಗದ ಕಂಡರೆ ಸಾಕು, ಓದದೆ ಬಿಡುವವಳಲ್ಲ. ಅಂಗಡಿಯ ಸಕ್ಕರೆ ಪುಡಿಕೆಯನ್ನೂ ಬಿಚ್ಚಿ ಓದುವ ಹುಡುಗಿ. ದಾರ ಬಿಚ್ಚುತ್ತ ಬಿಚ್ಚುತ್ತ ಸಾಲಿಯಲ್ಲಿ ಓದುವ ರಾಗದಲ್ಲೇ ಶುರುಮಾಡಿದಳು:

“ಸೂರ್ಯಕಾಂತಿ ಬೆಳೆಗಾರರಿಗೆ ಸೂಚನೆ. ಹೂವಾಡುವ ಕಾಲದಲ್ಲಿ ಜೇನುಹುಳುಗಳು ಬರುತ್ತವೆ. ಅವುಗಳನ್ನು ಕಾಪಾಡಿಕೊಳ್ಳಬೇಕು. ಕಾಳು ತುಂಬುವುದು ಅವುಗಳಿಂದಲೇ. ಈ ಸಮಯದಲ್ಲಿ ಬೆಳೆಗೆ ಔಷಧ...”

ಅಲ್ಲಿ ಅವಳ ದನಿ ಸಣ್ಣದಾಯಿತು. “...ಸಿಂಪಡಿಸಬಾರದು.”

ಗುರವ್ವನ ಕೈಯಿಂದ ಬುತ್ತಿಯ ಅರಿವೆ ಜಾರಿತು. ಮಾಡದಲ್ಲಿ ತುರುಕಿದ ಕಾಗದ. ಉಪ್ಪಿನಕಾಯಿ ಹಾಕಿದ ದಿನ ಗಟ್ಟಿ ಕಾಗದ ಬೇಕೆಂದು ಅದೇ ಮಾಡಕ್ಕೆ ಕೈ ಹಾಕಿದ್ದಳು. ಹುಳಾ ಬರ್ತಾವು. ಹುಳಾ ನೋಡ್ಕೊಳ್ಳಾಕ ಹೇಳು. ಯಾವ ಹುಳ, ಯಾವ ನೋಡಿಕೊಳ್ಳುವುದು ಎಂದು ಅವಳು ಬಾಗಿಲ ಹಿಂದಿನಿಂದ ಕೇಳಿರಲಿಲ್ಲ.

ಕಾಶಿ ತಾಯಿಯ ಮುಖ ನೋಡಿದಳು. ನಾಲ್ಕು ಹೋಳು ತೆಗೆದು ಬುತ್ತಿಗೆ ಇಟ್ಟಳು. ಕಾಗದವನ್ನು ಮತ್ತೆ ಭರಣಿಯ ಬಾಯಿಗೆ ಮುಚ್ಚಿ, ಅಕ್ಷರ ಒಳಗಾಗುವಂತೆ ತಿರುವಿ, ದಾರ ಬಿಗಿದಳು.

“ಹೋಗಿ ಬರ್ತೇನವ್ವಾ,” ಎಂದು ಅಂಗೈಗೆ ಅರಿವೆ ಸುತ್ತಿಕೊಳ್ಳುತ್ತ ಹೊರಟಳು.

ಆ ದಿನ ಗುರವ್ವ ಬಡಿದ ರೊಟ್ಟಿಯೆಲ್ಲ ಹರಿದವು. “ಯಾಕ, ಹಿಟ್ಟ ಹಳೇದೈತೇನ?” ಎಂದು ಅತ್ತೆ ಕೇಳಿದ್ದಕ್ಕೆ “ಹೌದ್ರಿ” ಎಂದಳು.

ಮೂರು ದಿನ ಬಿಟ್ಟು ಜಯತೀರ್ಥ ಮಾಸ್ತರರು ಮನೆಗೇ ಬಂದರು. ಕೈಯಲ್ಲಿ ಮುಲ್ಕಿ ಪರೀಕ್ಷೆಯ ಫಾರ್ಮು. ಶೆಟ್ಟೆವ್ವ ಹೊರಸು ಹಾಸಿ ಕೂರಿಸಿದಳು. ಶ್ರೀಶೈಲಪ್ಪ ಕಂಬಕ್ಕೆ ಒರಗಿ ನಿಂತ. ಆಗಷ್ಟೇ ಹೊಲದಿಂದ ಬಂದಿದ್ದ ಕಾಶಿ ಹಳದಿ ಮುಖ ತೊಳೆಯದೆಯೇ ಮೂಲೆಯಲ್ಲಿ ನಿಂತಳು. ಗುರವ್ವ ಎಂದಿನಂತೆ ಬಾಗಿಲ ಹಿಂದೆ.

“ಹದಿನಾರು ದಿನ ಆತು ಹುಡುಗಿ ಬಂದಿಲ್ಲ,” ಎಂದರು ಮಾಸ್ತರರು. “ಇನ್ನೊಂದು ಹತ್ತು ದಿನ ಹಿಂಗ ಆದ್ರ ಹಾಜರಿ ಸಾಲೂದಿಲ್ಲ. ನನಗ ಫಾರ್ಮ್ ಕಳಸಲಿಕ್ಕೆ ಬರೂದಿಲ್ಲ. ಶಾಣ್ಯಾ ಹುಡುಗಿ ಅದಾಳ್ರಿ.”

“ಈಗ ಹಿಂದಿನ ಪಟ್ಟಿ ಹೂ ಬಿಟ್ಟೈತ್ರಿ ಸರ,” ಶ್ರೀಶೈಲಪ್ಪ ಕೆಳಗೆ ನೋಡಿಕೊಂಡೇ ಹೇಳಿದ. “ಇನ್ನೊಂದು ಹದಿನೈದು ದಿನ...”

“ಬಿಡಸೂದ ಚೊಲೊ ಅನಸ್ತೈತ್ರಿ ನನಗ,” ಎಂದಳು ಶೆಟ್ಟೆವ್ವ. “ಹೋದ ಹುಳಾ ತಿರುಗಿ ಬರ್ತಾವೇನ? ಬಾವ್ಯಾಗ ಹುಟ್ಟ ಕರ್ರಗ ಒಣಗಿ ತೂಗಾಕತ್ತೈತಿ. ಇನ್ನ ವರ್ಷಾ ವರ್ಷಾ ಇದ ಕೆಲಸ. ಆಕಿ ಕೈ ಕಲ್ತಾವು.”

“ಅಲ್ಲವ್ವಾ, ಜೇನು ಮಾಡೋ ಕೆಲಸಾ ಹುಡುಗಿ ಕಡೆ ಮಾಡಸ್ತೀರಿ. ಹುಡುಗಿ ಮಾಡೋ ಕೆಲಸಾ ಯಾರ ಮಾಡಬೇಕು?”

ಆಗ ಕಾಶಿ ಬಾಯಿ ಬಿಟ್ಟಳು.

“ನಾ ಪರೀಕ್ಷಾಕ ಕೂಡಂಗಿಲ್ಲ ಬಿಡ್ರಿ ಸರ.”

ಹೇಳುವಾಗ ಅವಳ ಕಣ್ಣು ಮಾಸ್ತರರ ಕಡೆ ಇರಲಿಲ್ಲ, ಅಪ್ಪನ ಕಡೆಯೂ ಇರಲಿಲ್ಲ. ಒಳಗಿನ ಹಲಗೆಯ ಮೇಲಿದ್ದ ಉಪ್ಪಿನಕಾಯಿ ಭರಣಿಯ ಕಡೆ ಒಮ್ಮೆ ಹೋಗಿ, ತಟ್ಟನೆ ತಿರುಗಿತು. ಬಾಗಿಲ ಸಂದಿಯಿಂದ ಗುರವ್ವ ಅದನ್ನು ಕಂಡಳು. ಹದಿಮೂರು ವರ್ಷದ ಹುಡುಗಿ ತಾಯಿಯ ತಪ್ಪಿನ ಮೇಲೆ ಮುಚ್ಚಳ ಹಾಕಿ, ಆ ಮುಚ್ಚಳದ ಮೇಲೆ ತಾನೇ ಕೂತುಕೊಳ್ಳಲು ಹೊರಟಿದ್ದಳು.

ಗುರವ್ವ ಭರಣಿಯ ದಾರ ಹರಿದಳು. ಕಾಗದ ಹಿಡಿದು ಹೊಸ್ತಿಲು ದಾಟಿ, ಮಾಸ್ತರರ ಎದುರಿಗೇ ಬಂದು ನಿಂತಳು. ಆ ಮನೆಗೆ ಬಂದ ಹದಿನೈದು ವರ್ಷದಲ್ಲಿ ಅದೇ ಮೊದಲು.

“ಸರ, ಇದನ್ನ ಗಟ್ಟಿಯಾಗಿ ಓದ್ರಿ.”

ಎಣ್ಣೆ ಇಳಿದು, ಅರಿಸಿನ ಹತ್ತಿ, ಅರ್ಧ ಪಾರದರ್ಶಕವಾಗಿದ್ದ ಕಾಗದವನ್ನು ಮಾಸ್ತರರು ಬೆಳಕಿಗೆ ಹಿಡಿದು ಓದಿದರು.

“ಇದು ಯಾವಾಗ ಬಂತು?” ಶ್ರೀಶೈಲಪ್ಪ ಕೇಳಿದ.

“ಗ್ರಾಮಸೇವಕರು ಬಂದ ದಿನಾನ. ನನ್ನ ಕೈಯಾಗ ಕೊಟ್ರು. ಹುಳಾ ನೋಡ್ಕೊಳ್ಳಾಕ ಹೇಳು ಅಂದ್ರು. ಜೇನಹುಳಾ ಕಾಪಾಡ್ಕೊಳ್ರಿ ಅಂತ ಅವರ ಹೇಳಿದ್ದು. ನಾ ನಿಮಗ ನೋಡ್ಕೋರಿ ಅಂದ್ನಿ. ನೀವು ನೋಡ್ಕೊತೇನಿ ಅಂದ್ರಿ.”

“ಕಾಗದಾ ಕೊಡಾಕ ಏನ ಬಂದಿತ್ತ ನಿನಗ?”

“ಮರ್ತೆ.”

“ಮರ್ತೆ! ಅರ್ಧಾ ಎಕರೆ ಜೊಳ್ಳ ಆತು, ಈಕಿ ಉಪ್ಪಿನಕಾಯಿಗೆ ಮುಚ್ಚಿಟ್ಟಾಳ!”

“ಸಾಲಿ ಕಲ್ತಿದ್ರ ಓದತಿದ್ನಿ,” ಎಂದಳು ಗುರವ್ವ. “ನನ್ನ ಮೂರನೇತ್ತಾಕ ಬಿಡಿಸಿದ್ರು, ಅದಕ್ಕ ಈ ವರ್ಷ ಜೇನ ಸತ್ತವು. ಈಕಿನ್ನ ಏಳನೇತ್ತಾಕ ಬಿಡಸ್ರಿ. ಈಕಿ ಮನಿಯಾಗ ಏನೇನ ಸಾಯ್ತಾವೋ ನೋಡೂಣು.”

“ಮಾಸ್ತರ ಮುಂದ ಏನ ಮಾತವು!” ಶೆಟ್ಟೆವ್ವ ಸಿಡಿದಳು.

“ಮಾಸ್ತರ ಮುಂದನ ಆಡ್ತೇನ್ರಿ ಅತ್ತಿ. ತಪ್ಪ ನಂದು. ಹುಳದ ಕೆಲಸಾ ನಾ ಮಾಡ್ತೇನಿ. ನಾಳಿಂದ ಕಾಶಿ ಸಾಲಿಗೆ ಹೋಗ್ತಾಳ.”

“ರೊಟ್ಟಿ ಯಾರ ಮಾಡ್ತಾರ?”

“ನಸಿಕಿನ್ಯಾಗ ಎದ್ದು ಮಾಡಿಟ್ಟ ಹೋಗ್ತೇನಿ.”

“ಕೂಸು?”

“ಹೊಲಕ್ಕ ಒಯ್ತೇನಿ.”

ಶ್ರೀಶೈಲಪ್ಪ ಫಾರ್ಮು ಇಸಿದುಕೊಂಡು ತನ್ನ ಸಹಿ ಮಾಡಿದ. ಸಿಟ್ಟಿನಲ್ಲಿ ಒತ್ತಿ ಬರೆದದ್ದರಿಂದ ‘ಶ್ರೀ’ ಇದ್ದಲ್ಲಿ ಕಾಗದ ತೂತಾಯಿತು. ಆ ಸಂಜೆ ಅವನು ಎರಡನೆಯ ರೊಟ್ಟಿ ಕೇಳಲಿಲ್ಲ. ಗುರವ್ವನೂ ಹಾಕಲಿಲ್ಲ.

ಮರುದಿನ ಕಾಶಿ ಪಾಟಿಚೀಲ ಹೊತ್ತು ಹೋಗುವುದನ್ನು ನೋಡಿ ಗುರವ್ವ ಹೊಲದ ದಾರಿ ಹಿಡಿದಳು. ಬಾವಿಯ ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದಳು. ಅಂಗೈಗೆ ಅರಿವೆಯ ಇನ್ನೊಂದು ಚೂರು ಸುತ್ತಿಕೊಂಡಳು. ಒರೆಸತೊಡಗಿದ ಮೇಲೆ ಗೊತ್ತಾಯಿತು ಮಗಳು ಏನು ಮಾಡುತ್ತಿದ್ದಳೆಂದು. ನೂರು ಹೂವಿಗೆ ತೋಳು ಸೋಲುತ್ತದೆ, ಇನ್ನೂರಕ್ಕೆ ಕುತ್ತಿಗೆ. ಸಾಲಿನ ಕೊನೆ ಮುಟ್ಟಿ ತಿರುಗಿದರೆ ಇನ್ನೂ ಸಾವಿರಾರು ಮುಖ ಅವಳ ಕಡೆಗೇ ನೋಡುತ್ತ ನಿಂತಿರುತ್ತವೆ. ಇಷ್ಟನ್ನೆಲ್ಲ ಬಾವಿಯೊಳಗಿನ ಆ ಹುಳುಗಳು ಕೂಲಿ ಕೇಳದೆ, ಬುತ್ತಿ ಬೇಡದೆ ಮಾಡುತ್ತಿದ್ದವಲ್ಲ ಎಂದುಕೊಂಡಳು. ನಡುವೆ ಕೂಸು ಅತ್ತರೆ ಓಡಿ ಬರಬೇಕು. ಹಾಲೂಡಿಸಿ ಮತ್ತೆ ಬಿಟ್ಟ ಹೂವನ್ನು ಹುಡುಕಬೇಕು. ಗಂಡ ಪಕ್ಕದ ಸಾಲಿನಲ್ಲೇ ಇದ್ದರೂ ಮಾತಿಲ್ಲ. ಎರಡನೆಯ ದಿನ ಅವಳ ಕೈಗೆಟುಕದ ಎತ್ತರದ ದಂಟೊಂದನ್ನು ಅವನು ಆಚೆಯಿಂದ ಬಾಗಿಸಿ ಹಿಡಿದ. ಅವಳು ಒರೆಸಿದಳು. ಅವನು ಬಿಟ್ಟ.

ಆ ಸಂಜೆ ಕೂಸಿನ ಮೈ ಬಿಸಿಲಿಗೆ ಕೆಂಪಾಗಿ ಬೊಕ್ಕೆ ಎದ್ದಿದ್ದವು. ಗುರವ್ವ ಕೊಬ್ಬರಿ ಎಣ್ಣೆ ಸವರುವುದನ್ನು ಶೆಟ್ಟೆವ್ವ ಕಂಬದ ಪಕ್ಕ ಕೂತು ನೋಡಿದಳು. ಮರುದಿನ ನಸುಕಿನಲ್ಲಿ ಗುರವ್ವ ಎದ್ದಾಗ ಒಲೆ ಆಗಲೇ ಉರಿಯುತ್ತಿತ್ತು. ಮುದುಕಿ ಒಂದು ಕಾಲು ಚಾಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಹೊರಡುವ ಹೊತ್ತಿಗೆ ಬುತ್ತಿಯನ್ನು ಸೊಸೆಯ ಕೈಗೆ ಕೊಟ್ಟು, ಸೊಂಟದ ಮೇಲಿನ ಕೂಸನ್ನು ಎಳೆದುಕೊಂಡಳು.

“ಬಿಡ ಇಲ್ಲೆ. ಕೂಸಿನ್ನ ನಾ ನೋಡ್ಕೊತೇನಿ.”

ಗುರವ್ವ ಬಾಗಿಲಲ್ಲೇ ನಿಂತಳು. ಶೆಟ್ಟೆವ್ವನಿಗೂ ತಾನಾಡಿದ ಮಾತು ತನಗೇ ಕೇಳಿಸಿದಂತಾಯಿತು. ಆಮೇಲೆ ಕೂಸಿನ ಮೂಗು ಒರೆಸುತ್ತ, ಸೊಸೆಯ ಮುಖ ನೋಡದೆ ಹೇಳಿದಳು:

“ಹಿಂಗ ನೋಡ್ಕೊಳ್ಳೂದು ಅಂತ ಆ ಗ್ರಾಮಸೇವಕ ಬಿಡಿಸಿ ಹೇಳಬೇಕಿತ್ತವ್ವಾ. ನಾನೂ ಹೊಡಿ ಅಂದ್ನಲ್ಲ. ಹೋಗ, ಬಿಸಲ ಏರತೈತಿ.”

ಎಳ್ಳ ಅಮಾವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಹೋದರು. ಪೂಜೆ ಮುಗಿಸಿ ಶ್ರೀಶೈಲಪ್ಪ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದ. ಸಜ್ಜೆಯ ಕಡಬು, ಬದನೆಕಾಯಿ ಪಲ್ಯ, ಮೊಸರನ್ನ, ಹೊಲದ ಸಕಲ ಜೀವಕ್ಕೂ ಅದರಲ್ಲಿ ಪಾಲು. ಶೆಟ್ಟೆವ್ವ ಕೋಲೂರಿಕೊಂಡು ಜೇನಬಾವಿಯ ತನಕ ನಡೆದು, ಒಣಗಿದ ಹುಟ್ಟಿನ ಕಡೆಗೆ ಒಂದು ಹಿಡಿ ಎಸೆದು ಬಂದಳು. ಅದು ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಸಂಕ್ರಮಣ ಕಳೆದ ಮೇಲೆ ತೆನೆ ಮುರಿದರು. ಬಾವಿಯ ಕಡೆ ಮೊದಲು ಅರಳಿದವು ಬಹುಪಾಲು ಜೊಳ್ಳು. ಒರೆಸಿದ ಸಾಲುಗಳಲ್ಲಿ ಅರ್ಧಕ್ಕಿಂತ ಮೇಲೆ ಗಟ್ಟಿ. ಶ್ರೀಶೈಲಪ್ಪ ತೆನೆಯೊಂದೊಂದರ ಕಾಳು ಕಚ್ಚಿ ನೋಡುತ್ತ ಹೋದ. ಹಿಂದಿನ ಪಟ್ಟಿಯ ಕೊನೆಯ ಎರಡು ಸಾಲಿಗೆ ಬಂದು ನಿಂತ. ಅಂಗೈಯಲ್ಲಿ ತೂಗಿದರೇ ತಿಳಿಯುವಷ್ಟು ಭಾರ. ನಡುವಿನ ತನಕ ಒಂದು ಕಾಳೂ ಜೊಳ್ಳಿರಲಿಲ್ಲ.

“ಇವನ್ನ ಯಾರ ಒರಸಿದ್ರು? ನೀನೇನ?”

“ಇಲ್ರಿ,” ಎಂದಳು ಗುರವ್ವ. “ಅಲ್ಲೀತನಕಾ ನನ್ನ ಕೈ ಮುಟ್ಟಲಿಲ್ಲ. ನಿಮ್ಮವೂ ಮುಟ್ಟಲಿಲ್ಲ.”

ಅವನು ಬದುವಿನ ಆಚೆ ನೋಡಿದ. ಸುಗ್ರಾಳ ಹೊಲದ ಅಂಚಿನಲ್ಲಿ ಬಾರಿಹಣ್ಣಿನ ಕಂಟಿ. ಮುಳ್ಳಿನ ನಡುವೆ, ಅಂಗೈಯಗಲದ ಕೋಲುಜೇನಿನ ಹುಟ್ಟು ಬೆಳಕಿಗೆ ಮಿಸುಕಾಡುತ್ತಿತ್ತು. ಎಣ್ಣೆ ಹೊಡೆದ ಪಟ್ಟಿ ಅಲ್ಲಿಗೆ ದೂರವಿತ್ತು. ಆ ಕಂಟಿ ನೆರಳು ಬೀಳಿಸುತ್ತದೆಂದು ಎರಡು ವರ್ಷದಿಂದ ಅವನು ಸುಗ್ರಾಳ ಕೂಡ ಜಗಳಾಡುತ್ತಿದ್ದ.

“ಸುಗ್ರಾ,” ಎಂದು ಕೂಗಿದ, “ಆ ಕಂಟಿ ಕಡೀಬ್ಯಾಡವಾ.”

“ನಾ ಯಾವಾಗ ಕಡೀತೇನಿ ಅಂದಿದ್ದೆ? ಕೊಡ್ಲಿ ಹಿಡ್ಕೊಂಡು ಬಂದಾವ ನೀನ!” ಎಂದಳು ಸುಗ್ರಾ.

ಬಾವಿಗೆ ಜೇನು ಆ ವರ್ಷ ಬರಲಿಲ್ಲ. ಹೆಸರು ಮಾತ್ರ ಜೇನಬಾವಿಯೆಂದೇ ಉಳಿಯಿತು. ಗುರವ್ವ ಈಗಲೂ ಕೊಡವನ್ನು ಕಲ್ಲಿಗೆ ತಾಗದಂತೆ ಮೆಲ್ಲಗೇ ಇಳಿಬಿಡುತ್ತಿದ್ದಳು.

ಮುಲ್ಕಿ ಪರೀಕ್ಷೆಯ ದಿನ ಬಾಗೇವಾಡಿಗೆ ಹೋಗುವ ಬಸ್ಸಿಗೆ ಗೊಳಸಂಗಿಯ ತನಕ ಮೂವರೂ ನಡೆದು ಬಂದರು. ಶ್ರೀಶೈಲಪ್ಪ ಮಗಳ ಕೈಗೆ ಪೆನ್ನು ಕೊಡುತ್ತ ಹೇಳಿದ:

“ಪ್ರಶ್ನೆ ಪೂರಾ ಓದು. ನಿಮ್ಮವ್ವನಂಗ ಅರ್ಧಾ ಕೇಳಿ ಬರಬ್ಯಾಡ.”

“ನಿನ್ನಂಗ ಕೇಳ್ದೇನ ಹೊಡಿಯಂಗೂ ಇಲ್ಲ ಬಿಡಪ್ಪಾ,” ಎಂದಳು ಕಾಶಿ.

ಅವನು, ಬಹಳ ದಿನದ ಮೇಲೆ, ಹೆಂಡತಿಯ ಕಡೆ ನೋಡಿ ನಕ್ಕ.

ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಗುರವ್ವ ಸೊಂಟದಿಂದ ಮಡಿಚಿದ ಅರಿವೆಯ ಚೂರು ತೆಗೆದು ಮಗಳಿಗೆ ಕೊಟ್ಟಳು. ಬಿಸಿಲಲ್ಲಿ ಕೈ ಬೆವೆತರೆ ಕಾಗದ ಹೊಲಸಾದೀತು ಎಂದಳು. ಕಾಶಿ ಕಿಟಕಿಯ ಪಕ್ಕ ಕೂತು ಅದರಿಂದಲೇ ಮುಖದ ಧೂಳು ಒರೆಸಿಕೊಂಡಳು, ತಿಕ್ಕದೆ, ಮೆಲ್ಲಗೆ. ಹತ್ತು ಸಲ ಒಗೆದರೂ ಅದರ ಹಳದಿ ಹೋಗಿರಲಿಲ್ಲ.